‘ಬೇಡ’ ಎಂಬ ಕ್ರಿಯಾಪದ: ಸಾಮಾಜಿಕ ಜಾಲತಾಣಗಳಲ್ಲಿ ಪ್ರಜಾಭಿಪ್ರಾಯದ ಭಾಷೆ

ಆಳುವವರ ಮುಂದೆ ಪ್ರಜೆಗಳು ತಮ್ಮ ಮಾತನ್ನಿಡುವ ಕ್ರಿಯೆಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ‘ವಿಜ್ಞಾಪನ’ದ ತದ್ಭವವಾದ ಬಿನ್ನಹ, ಪಾರಸಿ ಆಡಳಿತ ಪರಿಭಾಷೆಯ ಮೂಲಕ ಬಂದ ಅರ್ಜಿ ಮತ್ತು ಅಹವಾಲು, ಇಂದಿನ ಕಚೇರಿಗಳ ಮನವಿ ಮತ್ತು ಆಕ್ಷೇಪಣೆ ಇವು ಮೇಲುನೋಟಕ್ಕೆ ಸಮಾನಾರ್ಥಕಗಳಂತೆ ಕಂಡರೂ ಒಂದೊಂದೂ ಪ್ರಭುತ್ವದೊಂದಿಗಿನ ಬೇರೊಂದು ಸಂಬಂಧವನ್ನು ಸೂಚಿಸುತ್ತವೆ. ಬಿನ್ನಹ ಮಾಡುವವನು ತಗ್ಗಿ ನಿಲ್ಲುತ್ತಾನೆ. ಆಕ್ಷೇಪಣೆ ಸಲ್ಲಿಸುವವನ ಬೆನ್ನಿಗೆ ಕಾನೂನು ಇರುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ ಇವೆರಡರ ನಡುವೆ ನಿಂತ ಸಂಸ್ಥೆ. ಅಲ್ಲಿ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು, ನಿರ್ಧರಿಸುವ ಅಧಿಕಾರವಿರಲಿಲ್ಲ. 2010ರ ದಶಕದಲ್ಲಿ ಈ ಸಾಲಿಗೆ ಹ್ಯಾಷ್‌ಟ್ಯಾಗ್ ಬಂದು ಸೇರಿತು. ಇದು ಬಿನ್ನಹವೋ ಆಕ್ಷೇಪಣೆಯೋ ಎಂಬುದು ಮೂಲತಃ ಭಾಷೆಯ ಪ್ರಶ್ನೆ. ಇದನ್ನು ರಾಜ್ಯಶಾಸ್ತ್ರಕ್ಕೋ ಪತ್ರಿಕೋದ್ಯಮಕ್ಕೋ ಬಿಟ್ಟುಕೊಟ್ಟು ಕನ್ನಡ ಅಧ್ಯಯನ ಸುಮ್ಮನಿರುವುದು ಸರಿಯಲ್ಲ.

1

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು 1,791 ಕೋಟಿ ರೂಪಾಯಿ ಅಂದಾಜು ವೆಚ್ಚದಲ್ಲಿ ನಿರ್ಮಿಸುವ ಯೋಜನೆಗೆ 2016ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ನೀಡಿತು. 812 ಮರಗಳು ಉರುಳಬೇಕಾಗುತ್ತದೆ ಎಂಬ ಸಂಗತಿ ವಿರೋಧಕ್ಕೆ ಮುಖ್ಯ ಕಾರಣವಾಯಿತು. ಟ್ವಿಟರ್ ಮತ್ತು ಫೇಸ್‌ಬುಕ್‌ಗಳಲ್ಲಿ ‘ಸ್ಟೀಲ್‌ಫ್ಲೈಓವರ್‌ಬೇಡ’ ಎಂಬ ಹ್ಯಾಷ್‌ಟ್ಯಾಗ್ ಹರಡಿತು. ಅಕ್ಟೋಬರ್ 16, 2016ರಂದು ಸಾವಿರಾರು ಜನ ಮಾನವ ಸರಪಳಿಯಾಗಿ ನಿಂತರು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಯೋಜನೆಗೆ ತಡೆ ನೀಡಿತು. ಮಾರ್ಚ್ 2, 2017ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಈ ಗೆಲುವನ್ನು ಜಾಲತಾಣದ ಲೆಕ್ಕಕ್ಕಷ್ಟೇ ಬರೆದುಬಿಡುವಂತಿಲ್ಲ. ನ್ಯಾಯಮಂಡಳಿ, ರಾಜಕೀಯ ಆರೋಪಗಳು, ಬೀದಿಗಿಳಿದ ಜನ ಎಲ್ಲವೂ ಇದರ ಹಿಂದಿವೆ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಹ್ಯಾಷ್‌ಟ್ಯಾಗಿನ ರಚನೆಯನ್ನು. ರೋಮನ್ ಲಿಪಿಯಲ್ಲಿ ಬರೆದ ಎರಡು ಇಂಗ್ಲಿಷ್ ಪದಗಳ ಕೊನೆಗೆ ಕನ್ನಡದ ಒಂದು ನಿಷೇಧರೂಪ ಬಂದು ಕೂತಿದೆ. ವಸ್ತು ಇಂಗ್ಲಿಷಿನದು, ನಿರಾಕರಣೆ ಕನ್ನಡದ್ದು. ಕನ್ನಡ ಬಾರದ ನಿವಾಸಿಗಳೂ ಈ ಒಂದು ಪದವನ್ನು ತಮ್ಮದಾಗಿಸಿಕೊಂಡರು ಎಂಬುದು ಸಣ್ಣ ಸಂಗತಿಯಲ್ಲ. ‘ಕೂಡದು’ ಎನ್ನುವಾತ ನಿಯಮವೊಂದನ್ನು ಮುಂದಿಡುತ್ತಾನೆ, ‘ಸಲ್ಲದು’ ಎನ್ನುವಾತ ಔಚಿತ್ಯವನ್ನು. ‘ಬೇಡ’ ಎನ್ನುವುದಕ್ಕೆ ಇಚ್ಛೆಯೊಂದೇ ಸಾಕು, ಕಾರಣ ಕೊಡಬೇಕಾಗಿಲ್ಲ. (ಬೇಡುವುದಕ್ಕೂ ಬೇಡವೆನ್ನುವುದಕ್ಕೂ ಕಿವಿಗೆ ಇರುವ ಅಂತರ ಎಷ್ಟು ಕಡಿಮೆ ಎಂಬುದು ಬೇರೆ ಮಾತು.) ವ್ಯಾಕರಣದ ದೃಷ್ಟಿಯಿಂದ ‘ಬೇಡ’ ಚತುರ್ಥಿ ವಿಭಕ್ತಿಯನ್ನು ಅಪೇಕ್ಷಿಸುತ್ತದೆ: ನನಗೆ ಬೇಡ, ನಮಗೆ ಬೇಡ, ಊರಿಗೆ ಬೇಡ. ಹ್ಯಾಷ್‌ಟ್ಯಾಗಿನಲ್ಲಿ ಈ ಚತುರ್ಥಿ ಲುಪ್ತವಾಗಿದೆ. ಯಾರಿಗೆ ಬೇಡ ಎಂಬುದನ್ನು ಹೇಳದಿರುವುದರಿಂದಲೇ ಅದು ಎಲ್ಲರ ಮಾತಾಗಿ ಹರಡಲು ಸಾಧ್ಯವಾಯಿತು. ಈ ಲೋಪವೇ ಅದನ್ನು ಪ್ರಶ್ನೆಗೂ ಒಡ್ಡುತ್ತದೆ: ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದು ಸ್ಮಾರ್ಟ್‌ಫೋನ್ ಇಲ್ಲದಿದ್ದವರು ಆ ‘ನಮಗೆ’ಯಲ್ಲಿ ಇದ್ದರೆ?

2017ರಲ್ಲಿ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಎದ್ದ ‘ನಮ್ಮಮೆಟ್ರೋಹಿಂದಿಬೇಡ’ ಎಂಬುದರಲ್ಲಿ ಈ ಕೊರತೆ ತಾನಾಗಿ ತುಂಬಿಕೊಂಡಿತು. ಸೇವೆಗೆ ಸರ್ಕಾರವೇ ಇಟ್ಟ ಹೆಸರು ‘ನಮ್ಮ ಮೆಟ್ರೋ’. ಪ್ರಚಾರಕ್ಕೆಂದು ಇಟ್ಟ ‘ನಮ್ಮ’ವನ್ನು ಜನ ಅಕ್ಷರಶಃ ತೆಗೆದುಕೊಂಡರು. ಆ ವರ್ಷದ ಜುಲೈನಲ್ಲಿ ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು; ಫಲಕಗಳಿಂದ ಹಿಂದಿ ಹೋಯಿತು.

ತಾಂತ್ರಿಕ ಅಂಶವೊಂದನ್ನು ಇಲ್ಲಿಯೇ ಹೇಳಬಹುದು. ನವೆಂಬರ್ 2017ರವರೆಗೆ ಟ್ವಿಟರಿನಲ್ಲಿ ಒಂದು ಸಂದೇಶಕ್ಕಿದ್ದ ಮಿತಿ 140 ಸಂಕೇತಗಳು. ಅನಂತರ ಅದು 280 ಆಯಿತು. ಈ ಎಣಿಕೆ ಅಕ್ಷರಗಳದ್ದಲ್ಲ, ಯೂನಿಕೋಡ್ ಸಂಕೇತಗಳದ್ದು. ಕನ್ನಡದ ಕಣ್ಣಿಗೆ ‘ಆಕ್ಷೇಪಣೆ’ ನಾಲ್ಕು ಅಕ್ಷರಗಳ ಪದ. ಗಣಕದ ಲೆಕ್ಕದಲ್ಲಿ ಎಂಟು. ‘ಬೇಡ’ ಎನ್ನುವುದು ಅಗ್ಗ, ಆಕ್ಷೇಪಿಸುವುದು ದುಬಾರಿ.

2

ನಿರಾಕರಣೆಗೂ ಆಕ್ಷೇಪಣೆಗೂ ಇರುವ ಅಂತರ ನಿಚ್ಚಳವಾಗಿ ಕಾಣಿಸಿದ್ದು 2020ರಲ್ಲಿ. ಪರಿಸರ ಪರಿಣಾಮ ಮೌಲ್ಯಮಾಪನ ಕುರಿತ ಹೊಸ ಅಧಿಸೂಚನೆಯ ಕರಡನ್ನು ಕೇಂದ್ರ ಸರ್ಕಾರ ಆ ವರ್ಷದ ಏಪ್ರಿಲ್‌ನಲ್ಲಿ, ಕೊರೊನಾ ದಿಗ್ಬಂಧನದ ನಡುವೆ, ರಾಜಪತ್ರದಲ್ಲಿ ಪ್ರಕಟಿಸಿತು. ಜಾಲತಾಣಗಳ ಮೂಲಕ ಕರೆಗಳು ಹರಡಿ ಲಕ್ಷಗಟ್ಟಲೆ ಮಿಂಚಂಚೆಗಳು ಸಚಿವಾಲಯವನ್ನು ತಲುಪಿದವು. ಆದರೆ ಕರಡು ಪ್ರಕಟವಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಜೂನ್ 30ರಂದು ಆದೇಶಿಸಿ, ಅಭಿಪ್ರಾಯ ಸಲ್ಲಿಕೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಬೆಂಗಳೂರಿನ ಸಂಸ್ಥೆಯೊಂದರ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ ಆಗಸ್ಟ್ 5ರಂದು ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಆ ಕರಡು ಅಂತಿಮ ಅಧಿಸೂಚನೆಯಾಗಲೇ ಇಲ್ಲ.

ಗಣಿಯ ಅಂಚಿನಲ್ಲಿ, ಅಣೆಕಟ್ಟಿನ ಕೆಳಗೆ ಬದುಕುವವರಿಗೆ ಸಂಬಂಧಿಸಿದ ಪಠ್ಯವನ್ನು ಅವರು ಓದಲಾರದ ಭಾಷೆಯಲ್ಲಿ ಮುಂದಿಟ್ಟು ಅಭಿಪ್ರಾಯ ಕೇಳಿದರೆ ಅವರಿಗೆ ಉಳಿಯುವ ಉತ್ತರಗಳು ಎರಡೇ: ಬೇಕು ಅಥವಾ ಬೇಡ. ಕೆಲಸ ಮೊದಲು ಆರಂಭಿಸಿ ಅನಂತರ ಪರಿಸರ ಅನುಮತಿ ಪಡೆಯುವ ಅವಕಾಶ ಆ ಕರಡಿನಲ್ಲಿತ್ತು. ಆಡಳಿತ ಕನ್ನಡದಲ್ಲಿ ಇದು ‘ಘಟನೋತ್ತರ ಮಂಜೂರಾತಿ’. ಈ ಪದವನ್ನು ಹಾಗೆಯೇ ಇಟ್ಟರೆ ಅನುವಾದವೂ ಇನ್ನೊಂದು ಇಂಗ್ಲಿಷೇ ಆಗುತ್ತದೆ. ‘ಕೆಲಸ ಮುಗಿಸಿದ ಮೇಲೆ ಕೊಡುವ ಒಪ್ಪಿಗೆ’ ಎಂದು ಬಿಡಿಸಿ ಬರೆದರೆ ಓದುಗ ತಾನೇ ಆಕ್ಷೇಪಣೆ ಬರೆಯಬಲ್ಲ. ಸಿದ್ಧ ಒಕ್ಕಣೆಯ ಮಿಂಚಂಚೆಯನ್ನು ಒಂದು ಒತ್ತಿಗೆ ಕಳುಹಿಸುವುದಕ್ಕಿಂತ ಇದು ಬೇರೆ ಬಗೆಯ ಭಾಗವಹಿಸುವಿಕೆ.

ಈ ಸಂದರ್ಭದಲ್ಲಿ ಹಳೆಯ ವ್ಯವಸ್ಥೆಯನ್ನು ಮರೆಯುವಂತಿಲ್ಲ. 2006ರ ಅಧಿಸೂಚನೆಯ ಪ್ರಕಾರ ಪರಿಸರ ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ರಾಜ್ಯದ ಅಧಿಕೃತ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ಇದನ್ನು 20ಕ್ಕೆ ಇಳಿಸಲು 2020ರ ಕರಡು ಹೊರಟಿತ್ತು. ಸಭೆಯ ಕೊನೆಯಲ್ಲಿ ದಾಖಲಾದ ಮಾತುಗಳ ಸಾರವನ್ನು ಸೇರಿದವರಿಗೆ ಅವರ ಭಾಷೆಯಲ್ಲಿ ಓದಿ ವಿವರಿಸಬೇಕು. ಆಚರಣೆಯಲ್ಲಿ ಇಂಥ ಸಭೆಗಳು ಎಷ್ಟು ಸೊರಗಿವೆ ಎಂಬುದು ಬಲ್ಲವರಿಗೆ ತಿಳಿದದ್ದೇ. ಆದರೂ ಹೇಳಿದವನಿಗೆ ಅವನ ಮಾತನ್ನು ಮರಳಿ ಓದಿ ಕೇಳಿಸುವ ಈ ವಿಧಿಗೆ ಸಮನಾದುದು ಯಾವ ಜಾಲತಾಣದಲ್ಲಿಯೂ ಇಲ್ಲ. ಅಲ್ಲಿ ಮಾತು ಎಷ್ಟು ಜನರನ್ನು ಮುಟ್ಟಿತೆಂಬ ಸಂಖ್ಯೆ ಸಿಗುತ್ತದೆ, ಕಡತವನ್ನು ಸೇರಿತೇ ಎಂಬ ಉತ್ತರ ಸಿಗುವುದಿಲ್ಲ.

ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಕರಡುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂದೂ ಬಂದ ಅಭಿಪ್ರಾಯಗಳ ಸಾರವನ್ನು ಸಚಿವಾಲಯದ ಜಾಲತಾಣದಲ್ಲಿ ಪ್ರಕಟಿಸಬೇಕೆಂದೂ ಹೇಳುತ್ತದೆ. ಇದು ನೀತಿಯೇ ಹೊರತು ಕಾಯಿದೆಯಲ್ಲ. ಕರಡಿನೊಂದಿಗೆ ‘ಸರಳ ಭಾಷೆ’ಯ ವಿವರಣೆ ಇರಬೇಕೆಂಬ ಮಾತೂ ಅದರಲ್ಲಿದೆ. ಬಳ್ಳಾರಿಯ ಗಣಿ ಕಾರ್ಮಿಕನಿಗೆ ಸರಳವಾದ ಇಂಗ್ಲಿಷ್ ಎಂಬುದೊಂದಿಲ್ಲ.