ಒಂದೇ ಸರ್ವರ್, ಹಲವರ ಲಾಗಿನ್: ಪೋರ್ಟ್ ಬಳಸುವವರಿಗೆ ಸೂಚನೆ

ಬಾಡ, ಕುಮಟಾ, ಹೊನ್ನಾವರ, ಭಟ್ಕಳ ಕಡೆಯಿಂದ ಕಾಲೇಜಿನ ಇಲ್ಲವೇ ಕಚೇರಿಯ ಸರ್ವರ್‌ಗೆ ಮನೆಯಿಂದಲೇ ಲಾಗಿನ್ ಆಗುವವರಿಗೂ ಅದನ್ನು ನೋಡಿಕೊಳ್ಳುವವರಿಗೂ ಈ ಮಾತು. ಅಘನಾಶಿನಿ ದಂಡೆಯ ಗಜನಿಯಲ್ಲಿ ಒಬ್ಬ ಜಂತ್ರಡಿಯ ಹಲಗೆ ಎತ್ತಿಟ್ಟು ಮನೆಗೆ ಹೋದರೆ ಉಪ್ಪುನೀರು ಅವನ ಗದ್ದೆಗಷ್ಟೇ ನುಗ್ಗುವುದಿಲ್ಲ. ತೆರೆದಿಟ್ಟ ಪೋರ್ಟೂ ಹಾಗೇ.

ಮಾಡಬಾರದ್ದು

127.0.0.1 ನಿಮ್ಮೊಬ್ಬರದೇ ಎಂದು ನಂಬಬೇಡಿ. ಸ್ವಂತ ಲ್ಯಾಪ್‌ಟಾಪಿನಲ್ಲಿ ಆ ನಂಬಿಕೆ ನಡೆದೀತು. ಹತ್ತಾರು ಜನರ ಸರ್ವರ್‌ನಲ್ಲಿ ಆ ವಿಳಾಸ ಲಾಗಿನ್ ಇರುವ ಎಲ್ಲರಿಗೂ ಸೇರಿದ್ದು. ಟೋಕನ್ ಕಿರಿಕಿರಿಯೆಂದು ತೆಗೆದುಹಾಕಿ 8888ರಲ್ಲಿ ಜುಪಿಟರ್ ನೋಟ್‌ಬುಕ್ ಓಡಿಸಿದರೆ, ಇನ್ನೊಬ್ಬ ಬಳಕೆದಾರ ನಿಮ್ಮ ಹೆಸರಿನಲ್ಲೇ ಕಮಾಂಡ್ ಕೊಡಬಲ್ಲ, ನಿಮ್ಮ ಫೈಲ್ ಅಳಿಸಬಲ್ಲ. ಫೈಲಿಗೆ ಹಾಕಿದ ಅನುಮತಿಗಳು ಪೋರ್ಟನ್ನು ಕಾಯುವುದಿಲ್ಲ.

0.0.0.0 ವಿಳಾಸದಲ್ಲಿ, ಅಂದರೆ ಹೊರಗಿನವರಿಗೂ ಬಾಗಿಲು ತೆರೆದು, ಯಾವ ಪ್ರೋಗ್ರಾಮನ್ನೂ ಓಡಿಸಬೇಡಿ. ‘ಸ್ವಲ್ಪ ಹೊತ್ತು, ಟೆಸ್ಟಿಂಗಿಗೆ’ ಎಂಬ ನೆಪವೂ ಬೇಡ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ದಾಳಿಕೋರರು ಅಳಿಸಿ ದುಡ್ಡು ಕೇಳಿದರು. ಅದರ ಪೋರ್ಟ್ 27017. ಅದೇ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹಬ್ಬಿದ್ದು 445ನೇ ಪೋರ್ಟಿನ ಮೂಲಕ.

ಸರ್ವರ್ ನೋಡಿಕೊಳ್ಳುವವರನ್ನು ಕೇಳದೆ ಎಸ್‌ಎಸ್‌ಎಚ್ ಸುರಂಗ (ಫಾರ್ವರ್ಡಿಂಗ್) ತೋಡಬೇಡಿ.

ಮಾಡಬೇಕಾದ್ದು

ಸರ್ವರ್ ನೋಡಿಕೊಳ್ಳುವವರು ಮೊದಲು ಎಲ್ಲವನ್ನೂ ಮುಚ್ಚಬೇಕು; ಕೇಳಿದವರಿಗೆ, ಕೇಳಿದಷ್ಟನ್ನೇ ತೆರೆಯಬೇಕು. 1024ರ ಕೆಳಗಿನ ಪೋರ್ಟುಗಳನ್ನು ಲಿನಕ್ಸ್ ಸಾಮಾನ್ಯವಾಗಿ ರೂಟ್‌ಗೇ ಕಾದಿಡುತ್ತದೆ. ತಲೆನೋವು ಅಲ್ಲಿಂದ ಮೇಲೆ, 65,535ರವರೆಗೆ. ಹೊರಬಾಗಿಲಿನ ಫೈರ್‌ವಾಲ್ ಒಳಗಿರುವವರನ್ನು ಒಬ್ಬರಿಂದೊಬ್ಬರು ಬೇರೆ ಮಾಡುವುದಿಲ್ಲ. ಅದಕ್ಕೆ ಐಪಿಟೇಬಲ್ಸ್‌ನ ಔಟ್‌ಪುಟ್ ಸರಣಿಯಲ್ಲಿ ಓನರ್ ನಿಯಮ ಬರೆಯಬೇಕು: ಯಾರ ಯುಐಡಿ ಯಾವ ಪೋರ್ಟ್ ಮುಟ್ಟಬಹುದು ಎಂಬುದನ್ನು ಅದು ತೀರ್ಮಾನಿಸುತ್ತದೆ. ಲೂಪ್‌ಬ್ಯಾಕನ್ನು, ಅಂದರೆ 127.0.0.1ನ್ನು, ಈ ನಿಯಮದಿಂದ ಹೊರಗಿಡಬೇಡಿ. ಐಪಿವಿ6ಗೂ ಅದೇ ನಿಯಮ ಬರೆಯಿರಿ, ಮರೆಯುವುದು ಇಲ್ಲೇ. ಡಾಕರ್ ಇದ್ದರೆ ಇನ್ನೂ ಎಚ್ಚರ: ಅದು ಹೊರಗೆ ತೆರೆದ ಪೋರ್ಟುಗಳು ಯುಎಫ್‌ಡಬ್ಲ್ಯೂ ಫೈರ್‌ವಾಲಿನ ನಿಯಮಗಳನ್ನು ತಪ್ಪಿಸಿಕೊಂಡು ಹೋಗುತ್ತವೆ.

ಎಸ್‌ಎಸ್‌ಎಚ್ ಫಾರ್ವರ್ಡಿಂಗ್ ಬಂದ್ ಮಾಡಿದೆವೆಂದು ನಿಶ್ಚಿಂತರಾಗಬೇಡಿ. ಶೆಲ್ ಇದ್ದವನು ತನ್ನದೇ ಫಾರ್ವರ್ಡರ್ ಓಡಿಸಿಯಾನು. ಓಪನ್‌ಎಸ್‌ಎಸ್‌ಎಚ್ ಕೈಪಿಡಿಯೇ ಇದನ್ನು ಒಪ್ಪುತ್ತದೆ. ಶೆಲ್ ಬೇಡದವರಿಗೆ ಶೆಲ್ ಕೊಡಬೇಡಿ.

ಬಳಕೆದಾರರು ಪಾಸ್‌ವರ್ಡ್ ಅಥವಾ ಟೋಕನ್ ಇಟ್ಟೇ ಸೇವೆ ಶುರುಮಾಡಬೇಕು. ಸಾಧ್ಯವಿದ್ದಲ್ಲಿ ಪೋರ್ಟ್ ಬಿಟ್ಟು ಯುನಿಕ್ಸ್ ಸಾಕೆಟ್ ಬಳಸಿ, ಅದನ್ನು 700 ಅನುಮತಿಯ ಸ್ವಂತ ಫೋಲ್ಡರಿನಲ್ಲಿಡಿ. ಮಳೆಗಾಲದಲ್ಲಿ ನಿಮ್ಮ ಮನೆಯ ಕರೆಂಟು ಹೋದ ಮಾತ್ರಕ್ಕೆ ಸರ್ವರ್‌ನಲ್ಲಿ ಟಿಮಕ್ಸ್ ಒಳಗೆ ಬಿಟ್ಟ ಪ್ರೋಗ್ರಾಂ ನಿಲ್ಲುವುದಿಲ್ಲ, ಪೋರ್ಟೂ ಮುಚ್ಚುವುದಿಲ್ಲ. ಮತ್ತೆ ಲಾಗಿನ್ ಆಗಿ ನಿಲ್ಲಿಸುವುದು ನಿಮ್ಮದೇ ಕೆಲಸ.

ಯಾರೋ ಒಳಹೊಕ್ಕ ಅನುಮಾನ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಅಡ್ಮಿನ್‌ಗೆ ಕೂಡಲೇ ಫೋನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ತಂಡ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗಮನಕ್ಕೆ ಬಂದ ಹೊತ್ತಿನಿಂದ ವರದಿ ಕೊಡಲು ಸಂಸ್ಥೆಗಿರುವುದು 6 ಗಂಟೆ.