ಲಕ್ವ ಹೊಡೆದವರ ಕಾಲಿನ ಬಗ್ಗೆ ಎಚ್ಚರ

ಲಕ್ವ ಹೊಡೆದು ಹಾಸಿಗೆ ಹಿಡಿದವರ ಕೈಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ಬಿಸಿಯಾಗಿದ್ದರೆ ತಿಕ್ಕಲೇಬಾರದು. ಏಕೆ?

ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಕಾಲು ಆಡದಿದ್ದರೆ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಸ್ವಾಧೀನ ತಪ್ಪಿದ ಕಾಲಿನಲ್ಲಿ ನೋವು ತಿಳಿಯದೆಯೂ ಇರಬಹುದು. ಆದ್ದರಿಂದ ದಿನವೂ ಎರಡೂ ಕಾಲುಗಳನ್ನು ಹೋಲಿಸಿ ನೋಡಿ.

ತಡೆಯುವುದು ಹೇಗೆ? ವೈದ್ಯರು ಒಪ್ಪಿದ ಕೂಡಲೇ ರೋಗಿಯನ್ನು ಎಬ್ಬಿಸಿ ಕೂರಿಸಿ, ಕಾಲಾಡಿಸಿ. ತೊಡೆಯವರೆಗಿನ ಬಿಗಿ ಕಾಲುಚೀಲದಿಂದ ಲಕ್ವ ರೋಗಿಗಳಿಗೆ ಪ್ರಯೋಜನವಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚರ್ಮಕ್ಕೆ ಗಾಯವಾದದ್ದೂ ಉಂಟು. ಗಾಳಿ ತುಂಬಿ ಬಿಡುತ್ತ ಕಾಲನ್ನು ಒತ್ತುವ ಸಾಧನವನ್ನು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, ಧರಿಸದವರಲ್ಲಿ ನೂರಕ್ಕೆ 12.1 ಮಂದಿಗೆ, ಧರಿಸಿದವರಲ್ಲಿ 8.5 ಮಂದಿಗೆ ಹೆಪ್ಪು ಕಂಡಿತು. ಇದು ಪ್ರಕಟವಾದದ್ದು 2013ರಲ್ಲಿ. ನಿಮ್ಮ ಆಸ್ಪತ್ರೆಯಲ್ಲಿ ಈ ಸಾಧನ ಉಂಟೇ ಎಂದು ಕೇಳಿ.

ರಕ್ತ ತೆಳುವಾಗಿಸುವ ಔಷಧಿಯನ್ನು ನೀವಾಗಿಯೇ ಕೊಡಬೇಡಿ. ಮಿದುಳಿನ ರಕ್ತಸ್ರಾವದಿಂದ ಬಂದ ಲಕ್ವದಲ್ಲಿ ಅದು ಮಾರಕವಾಗಬಹುದು.

ಕಾಲು ಊದಿದರೆ ಅಂದೇ ವೈದ್ಯರಿಗೆ ತೋರಿಸಿ. ಏದುಸಿರು, ಎದೆನೋವು ಕಾಣಿಸಿಕೊಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.