ಆಗುಂಬೆ ಮಳೆ ಅಮೃತಸರದಲ್ಲಿ ಸುರಿಯದಿರಲು: ಗ್ರಿಡ್ ಸೂತ್ರಗಳು

ಭಾರತೀಯ ಹವಾಮಾನ ಇಲಾಖೆಯ ದಿನವಹಿ ಮಳೆಯ ಬೈನರಿ ಫೈಲ್ ತೆರೆದರೆ ಒಳಗೆ ಊರಿನ ಹೆಸರಿಲ್ಲ, ಅಕ್ಷಾಂಶವಿಲ್ಲ, ರೇಖಾಂಶವೂ ಇಲ್ಲ. ಬರೀ ಅಂಕಿಗಳ ರಾಶಿ. ಯಾವ ಅಂಕಿ ಯಾವ ಜಾಗದ್ದು ಎಂದು ಗ್ರ್ಯಾಡ್ಸ್ ತಂತ್ರಾಂಶಕ್ಕೆ ಹೇಳುವುದು ಜೊತೆಗಿರುವ ಪುಟ್ಟ ಸಿಟಿಎಲ್ ಫೈಲ್. ಮೊದಲು ಅದನ್ನು ಓದಿ.

1. ಮೂರು ಅಂಕಿ ಹಿಡಿಯಿರಿ: ಎಷ್ಟು ಬಿಂದು, ಎಲ್ಲಿಂದ ಶುರು, ಎಷ್ಟು ಅಂತರ. ‘ಎಕ್ಸ್‌ಡೆಫ್ 135 ಲೀನಿಯರ್ 66.5 0.25’ ಎಂದರೆ 66.5 ಡಿಗ್ರಿ ಪೂರ್ವದಿಂದ ಕಾಲು ಡಿಗ್ರಿಗೊಂದರಂತೆ 135 ಬಿಂದು. ಕೊನೆಯದು 100 ಡಿಗ್ರಿ, 100.25 ಅಲ್ಲ. ‘ವೈಡೆಫ್’ ಸಾಲಿನಲ್ಲಿ 129 ಬಿಂದು, 6.5ರಿಂದ 38.5 ಉತ್ತರದವರೆಗೆ.

2. ಗುಣಿಸಿ ನೋಡಿ. 135×129×4 ಬೈಟ್, ಅಂದರೆ ದಿನಕ್ಕೆ 69,660. ವರ್ಷಕ್ಕೆ 2,54,25,900, ಅಧಿಕ ವರ್ಷವಾದರೆ ಇನ್ನೊಂದು ದಿನದ್ದು ಸೇರಿಸಿ. ಫೈಲಿನ ಗಾತ್ರ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ.

3. ಎಣಿಕೆ ಒಂದರಿಂದಲೋ ಸೊನ್ನೆಯಿಂದಲೋ? ಗ್ರ್ಯಾಡ್ಸ್ ಒಂದರಿಂದ ಎಣಿಸುತ್ತದೆ, ಪೈಥಾನ್ ಸೊನ್ನೆಯಿಂದ. ಆಗುಂಬೆಗೆ ಹತ್ತಿರದ ಬಿಂದು 75.0 ಪೂರ್ವ, 13.5 ಉತ್ತರ. ಗ್ರ್ಯಾಡ್ಸ್‌ನಲ್ಲಿ ಅದು 35, 29. ಪೈಥಾನ್‌ನಲ್ಲಿ 34, 28. ಪೂರ್ವ-ಪಶ್ಚಿಮದ ಎಣಿಕೆಯಲ್ಲಿ ಒಂದೇ ಒಂದು ಹಿಂದೆ ಸರಿದರೂ ಸುಮಾರು 27 ಕಿಲೋಮೀಟರ್ ಜಾರಿ ಘಟ್ಟ ಇಳಿದು ಉಡುಪಿ ಕಡೆ ಬಂದಿರುತ್ತೀರಿ. ಬಯಲುಸೀಮೆಯಲ್ಲಾದರೆ ಈ ತಪ್ಪು ಕಣ್ಣಿಗೇ ಬೀಳದು, ಅದೇ ಅಪಾಯ.

4. ದಿಕ್ಕು ಕೇಳಿ. ಮೇಲಿನ ಫೈಲ್ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಯುರೋಪಿನ ಇಆರ್‌ಎ5 ಹವಾಮಾನ ದತ್ತಾಂಶ ಉತ್ತರ ಧ್ರುವದಿಂದ ಕೆಳಗಿಳಿಯುತ್ತದೆ. ಇಲಾಖೆಯ ಫೈಲನ್ನು ಹಾಗೆ ಓದಿದರೆ ಆಗುಂಬೆಯ 13.5 ಡಿಗ್ರಿ 31.5 ಆಗುತ್ತದೆ: ಮುಂಗಾರೆಲ್ಲ ಅಮೃತಸರದ ಪಕ್ಕ! ಬೈನರಿ ಫೈಲ್ ಉತ್ತರದಿಂದ ಶುರುವಾಗಿದ್ದರೆ ಸಿಟಿಎಲ್‌ನಲ್ಲಿ ‘ಆಪ್ಷನ್ಸ್ ವೈರೆವ್’ ಸೇರಿಸಿ. ಇಆರ್‌ಎ5 ಅನ್ನು ಪೈಥಾನಿನ ಎಕ್ಸ್‌ಅರೇಯಲ್ಲಿ ಅಕ್ಷಾಂಶದ ಮೇಲೆ ಕತ್ತರಿಸುವಾಗ 12ರಿಂದ 15 ಎಂದರೆ ಖಾಲಿ ಕೈ. 15ರಿಂದ 12 ಎನ್ನಿ.

5. ಬಿಂದುವೋ, ಚೌಕದ ನಡುವೋ? ನಾಸಾದ ಐಮರ್ಗ್ ಮಳೆ ದತ್ತಾಂಶದ ಅಂತರ 0.1 ಡಿಗ್ರಿ, ಆದರೆ ಬಿಂದುಗಳು 75.05, 75.15 ಹೀಗೆ. 75.0 ಹುಡುಕಿದರೆ ಸಿಗದು.

6. ಅಮೆರಿಕದ ಊರಾದರೆ ರೇಖಾಂಶಕ್ಕೆ 360 ಕೂಡಿಸಬೇಕೇ ನೋಡಿ. ಶಿಕಾಗೋ ಒಂದು ಕಡೆ ಮೈನಸ್ 87.6, ಇನ್ನೊಂದು ಕಡೆ 272.4. ನಮ್ಮ ಕಡೆಗೆ ಈ ತಲೆನೋವಿಲ್ಲ.

7. ಎಲ್ಲ ಗ್ರಿಡ್ಡೂ ಸಮ ಅಂತರದ್ದಲ್ಲ. ಗೌಸಿಯನ್ ಗ್ರಿಡ್‌ನ ಅಕ್ಷಾಂಶಗಳ ಅಂತರ ಏಕರೂಪವಲ್ಲ. ‘ಲೀನಿಯರ್’ ಬಿಟ್ಟು ‘ಲೆವೆಲ್ಸ್’ ಎಂದು ಒಂದೊಂದನ್ನೂ ಬರೆಯಿರಿ.

8. ಸಮಯವೂ ಒಂದು ಅಕ್ಷವೇ. ‘ಟಿಡೆಫ್’ ಸಾಲಿನಲ್ಲಿ ‘ಎಂಎನ್’ ಅಂದರೆ ನಿಮಿಷ, ‘ಎಂಒ’ ಅಂದರೆ ತಿಂಗಳು. ಹವಾಮಾನ ಇಲಾಖೆಯ ಜುಲೈ 10ರ ಮಳೆ ಎಂದರೆ 9ರ ಬೆಳಗ್ಗೆ 8.30ರಿಂದ 10ರ ಬೆಳಗ್ಗೆ 8.30ರವರೆಗೆ ಬಿದ್ದದ್ದು. ಐಮರ್ಗ್‌ನಂಥ ಉಪಗ್ರಹ ದತ್ತಾಂಶದ ದಿನ ಭಾರತೀಯ ಕಾಲಮಾನದ ಬೆಳಗ್ಗೆ 5.30ಕ್ಕೇ ಮುಗಿದಿರುತ್ತದೆ. ಎರಡನ್ನೂ ಹೋಲಿಸುವ ಮೊದಲು ಅರ್ಧ ಗಂಟೆಗೊಂದರಂತೆ ಬರುವ ಐಮರ್ಗ್ ಫೈಲುಗಳನ್ನು ತಂದು 8.30ರ ಲೆಕ್ಕಕ್ಕೆ ಕೂಡಿಸಿ.